ಡ್ಯೂಟಿ ಪಟ್ಟಿಯಲ್ಲಿ ನಾನು ಹೊಡೆದು ಹಾಕಿದ ಹೆಸರು

ಹೆರಿಗೆ ವಾರ್ಡಿಗೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ. "ಸಿಸ್ಟರ್, ಮೊದಲನೇ ಹೆರಿಗೆ ಮಾಡಿಸಿದಾಗ ನಿಮ್ಮ ಕೈ ನಡುಗಿತ್ತಾ?" ನಡುಗಿತ್ತು. ಎಲ್ಲರ ಕೈಯೂ ನಡುಗುತ್ತದೆ, ಅದು ನಾಲ್ಕು ದಿನದ ಮಾತು. ನಿವೃತ್ತಳಾಗಿ ಮನೆಯಲ್ಲಿ ಕೂತ ಮೇಲೆ ನನ್ನನ್ನು ಕಾಡುವುದು ಕೈ ನಡುಗಿದ ದಿನವಲ್ಲ. ಸ್ವಲ್ಪವೂ ನಡುಗದ ಕೈಯಿಂದ, ಕೆಂಪು ಪೆನ್ನು ಹಿಡಿದು ಮಾಡಿದ ಒಂದು ಕೆಲಸ. ಅದನ್ನು ಹೇಳಬೇಕಾದರೆ ಪಾಲಮ್ಮನಿಂದಲೇ ಶುರುಮಾಡಬೇಕು.

ನಾನು ಚಳ್ಳಕೆರೆಯವಳು. ನಮ್ಮ ಅಬ್ಬಾ ಲಾರಿ ಮೆಕ್ಯಾನಿಕ್. ಚಿತ್ರದುರ್ಗದಲ್ಲಿ ನರ್ಸಿಂಗ್ ಮುಗಿಸಿ ನಮ್ಮೂರಿನದೇ ಒಂದು ಖಾಸಗಿ ಹೆರಿಗೆ ಆಸ್ಪತ್ರೆಗೆ ಸೇರಿದೆ. ನಾನು ಸೇರುವ ಹೊತ್ತಿಗೆ ಪಾಲಮ್ಮ ಅಲ್ಲಿ ಎರಡು ವರ್ಷ ಹಳಬಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದ್ದರಿಂದ ಮೊದಲ ದಿನದಿಂದಲೇ "ನೂರಕ್ಕ" ಅಂದಳು. ನನ್ನ ಹೆಸರು ನೂರ್‌ಜಹಾನ್. ಬಿ.ಜಿ. ಕೆರೆ ಕಡೆಯ ಒಂದು ಹಟ್ಟಿಯ ಹುಡುಗಿ ಅವಳು. ಅಪ್ಪ ಅವ್ವ ಇಬ್ಬರೂ ಕೂಲಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ನೋವು ತಿನ್ನುತ್ತಿರುವ ಹೆಂಗಸಿನ ಬೆನ್ನು ನೀವುತ್ತಾ "ಕಾನಿ ತಲ್ಲಿ, ಕಾನಿ" ಅನ್ನುತ್ತಿದ್ದಳು. ಆಗಲಿ ತಾಯಿ, ಆಗಲಿ ಅಂತ. ತೆಲುಗು ಬಾರದ ಹೆಂಗಸರಿಗೂ ಆ ಮಾತು ಅರ್ಥವಾಗುತ್ತಿತ್ತು.

ಸೇರಿದ ಮೊದಲ ತಿಂಗಳಲ್ಲೇ ನಾನು ದೊಡ್ಡ ಎಡವಟ್ಟು ಮಾಡಿದೆ. ಆಗ ಮಗುವಿನ ಎದೆಬಡಿತ ಕೇಳಲು ಈಗಿನಂತೆ ಮೆಷಿನ್ ಇರಲಿಲ್ಲ. ಪುಟ್ಟ ತುತ್ತೂರಿಯಂಥ ಒಂದು ಕೊಳವೆ. ಒಂದು ತುದಿ ಬಸುರಿಯ ಹೊಟ್ಟೆಗೆ, ಇನ್ನೊಂದು ತುದಿ ನಮ್ಮ ಕಿವಿಗೆ. ತಳಕಿನಿಂದ ಬಂದಿದ್ದ ಒಬ್ಬ ಬಸುರಿಯ ಹೊಟ್ಟೆಗೆ ಅದನ್ನಿಟ್ಟು ಎಷ್ಟು ಹೊತ್ತು ಕೇಳಿದರೂ ಏನೂ ಕೇಳಿಸಲಿಲ್ಲ. ಗಾಬರಿಯಲ್ಲಿ "ಬಡಿತ ಇಲ್ಲ" ಎಂದು ಬಾಯಿಬಿಟ್ಟೆ. ಆ ತಾಯಿ ಅಲ್ಲೇ ಕಣ್ಣು ಮೇಲೆ ಮಾಡಿದಳು. ಪಾಲಮ್ಮ ಓಡಿ ಬಂದು ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟು ಮಗುವಿನ ಬೆನ್ನು ಯಾವ ಕಡೆಗಿದೆ ಎಂದು ನೋಡಿ, ಕೊಳವೆಯನ್ನು ಬಲಗಡೆಯಿಂದ ಎಡಗಡೆಗೆ ಸರಿಸಿದಳು. "ಬಾ, ಕೇಳು" ಅಂದಳು. ಕುದುರೆ ಓಡಿದಂತೆ ಬಡಿಯುತ್ತಿತ್ತು.

ಡಾಕ್ಟ್ರಮ್ಮನ ಕಿವಿಗೆ ಆ ಸುದ್ದಿ ಹೋಗದಂತೆ ನೋಡಿಕೊಂಡವಳೂ ಅವಳೇ. ನನಗೆ ಹೇಳಿದ್ದು ಇಷ್ಟೇ. "ಕೇಳಿಸಲಿಲ್ಲ ಅಂದ್ರೆ ಇಲ್ಲ ಅಂತಲ್ಲ ನೂರಕ್ಕ. ನಾವು ಕಿವಿ ಇಟ್ಟ ಜಾಗ ತಪ್ಪಿರ್ತದೆ."

ನಮ್ಮ ಡಾಕ್ಟ್ರಮ್ಮ ಕುಳ್ಳಗಿನ, ಸಿಡುಕಿನ ಹೆಂಗಸು. ಆಸ್ಪತ್ರೆಯ ಮಾಲೀಕರೂ ಅವರೇ. ಗಾಜ್ ಬಟ್ಟೆಯ ಎಣಿಕೆ ಒಂದು ತಪ್ಪಿದರೂ ಕೈಲಿದ್ದ ಕತ್ತರಿ ಟ್ರೇಗೆ ಬೀಳುವ ಸದ್ದಿನಲ್ಲೇ ಅವರ ಸಿಟ್ಟು ನಮಗೆ ತಿಳಿಯುತ್ತಿತ್ತು. ಆದರೆ ಹೆಂಗಸಿಗೆ ಕಷ್ಟ ಎಂದರೆ ಊಟ ಬಿಟ್ಟು ಎದ್ದು ಬರುತ್ತಿದ್ದರು. ಅವರ ಕೈಕೆಳಗೆ ಮೂರು ದಶಕ ಕೆಲಸ ಮಾಡಿದ ನಾನು ಅವರನ್ನು ಬೈದುಕೊಂಡದ್ದೆಷ್ಟೋ, ಈಗ ಅವರ ಬೈಗುಳ ಕೇಳಬೇಕೆನಿಸಿದ್ದೆಷ್ಟೋ.

ಪಾಲಮ್ಮನ ಹಟ್ಟಿಯಲ್ಲಿ ಶಾಲೆಯ ಪಕ್ಕ ಸಾರಾಯಿ ಮಾರಲು ಶುರುವಾದಾಗ ಅವಳು ಹೆಂಗಸರನ್ನು ಸೇರಿಸಿ ರಸ್ತೆಯಲ್ಲಿ ಕೂತಳು. ನಾಲ್ಕು ದಿನ ರಜೆ ಕೇಳಿದಾಗ ಡಾಕ್ಟ್ರಮ್ಮ, "ಹತ್ತು ದಿನ ತಗೋ, ಆದ್ರೆ ಆ ಅಂಗಡಿ ಮುಚ್ಚಿಸ್ಕೊಂಡೇ ಬಾ" ಅಂದರು. ಮುಚ್ಚಿಸಿಕೊಂಡೇ ಬಂದಳು. ಪತ್ರಿಕೆಯಲ್ಲಿ ಫೋಟೋ ಬಂತು. ಕೈ ಎತ್ತಿ ಕೂಗುತ್ತಿರುವ ಪಾಲಮ್ಮ, ಕತ್ತಿನಲ್ಲಿ ನಮ್ಮ ಆಸ್ಪತ್ರೆಯ ಗುರುತಿನ ಚೀಟಿ. ಡಾಕ್ಟ್ರಮ್ಮ ಅದನ್ನು ಕತ್ತರಿಸಿ, ಕಟ್ಟು ಹಾಕಿಸಿ, ರೋಗಿಗಳು ಕೂರುವ ಹಾಲಿನಲ್ಲಿ ತೂಗುಹಾಕಿದರು. ಬಂದವರಿಗೆಲ್ಲ "ನಮ್ಮ ಸಿಸ್ಟರ್" ಎಂದು ತೋರಿಸುತ್ತಿದ್ದರು. ನಾನೂ ತೋರಿಸಿದ್ದೇನೆ. ಕೆಲಸದವಳು ಬೀದಿಗಿಳಿದರೆ ಆಸ್ಪತ್ರೆಗೆ ಏನಾದೀತು ಎಂದು ಆಗ ಯಾರೂ ಕೇಳಲಿಲ್ಲ. ನಮಗೆ ಒಪ್ಪುವ ಹೋರಾಟವಾಗಿತ್ತಲ್ಲ, ಅದರ ಹೆಸರು ನಮಗೂ ಬೇಕಾಗಿತ್ತು.

ವರ್ಷಗಳು ಕಳೆದವು. ಕೊಳವೆ ಹೋಗಿ ಮೆಷಿನ್ ಬಂತು, ಸ್ಪೀಕರಿನಲ್ಲಿ ಮಗುವಿನ ಬಡಿತವನ್ನು ಗಂಡ, ಅತ್ತೆ ಎಲ್ಲರೂ ಕೇಳುವಂತಾಯಿತು. ಗಾಜಿನ ಸಿರಿಂಜು ಕುದಿಸುವ ಕೆಲಸ ತಪ್ಪಿತು. ಮೊದಲು ಐದಾರು ಜನ ಗಾಡಿ ಮಾಡಿಕೊಂಡು ಬಂದು ಮರದ ಕೆಳಗೆ ಕಾಯುತ್ತಿದ್ದರು, ಈಗ ಒಬ್ಬ ಗಂಡ ಫೋನಿನಲ್ಲಿ ಮುಖ ಹುದುಗಿಸಿ ಕಾಯುತ್ತಾನೆ. ನಾನು ವಾರ್ಡಿನ ಇನ್‌ಚಾರ್ಜ್ ಆದೆ. ಪಾಲಮ್ಮ ಓದಿದ್ದು ಕಡಿಮೆಯ ಕೋರ್ಸು, ಹಾಗಾಗಿ ಅವಳು ನನ್ನ ಕೈಕೆಳಗೆ ಬಂದಳು. ಕೈಕೆಳಗೆ ಎನ್ನುವುದು ಕಾಗದದಲ್ಲಿ ಮಾತ್ರ. ಕಷ್ಟದ ಹೆರಿಗೆ ಎಂದರೆ ಡಾಕ್ಟ್ರಮ್ಮ ಮೊದಲು ಕೂಗುತ್ತಿದ್ದುದು ಅವಳ ಹೆಸರನ್ನೇ. ಮಧ್ಯಾಹ್ನ ಇಬ್ಬರೂ ಔಷಧಿ ಕೋಣೆಯ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ನನ್ನ ಡಬ್ಬಿಯ ಪಲ್ಯ ಅವಳಿಗೆ, ಅವಳ ಸಜ್ಜೆ ರೊಟ್ಟಿ, ಶೇಂಗಾ ಪುಡಿ ನನಗೆ.

ಆಮೇಲೆ ಆ ವಿಡಿಯೋ ಬಂತು.

ಒಂದು ಮಧ್ಯಾಹ್ನ ನನ್ನ ತಮ್ಮ ಅನ್ವರ್ ಆಸ್ಪತ್ರೆಯ ಗೇಟಿಗೆ ಬಂದು ನಿಂತಿದ್ದ. ಅವನು ಸಂತೆ ಸಂತೆ ಸುತ್ತಿ ಸ್ಟೋವ್, ಕುಕ್ಕರ್, ಬೀಗ ರಿಪೇರಿ ಮಾಡುವವನು. ಫೋನು ನನ್ನ ಕೈಗೆ ಕೊಟ್ಟು, "ಆಪಾ, ಇದು ನಿನ್ನ ಪಾಲಮ್ಮ ಅಲ್ವಾ?" ಅಂದ. ವಿಡಿಯೋದಲ್ಲಿದ್ದುದು ಅವನು ವಾರವಾರ ಕೂರುವ ಒಂದು ಸಂತೆ. ಅಲ್ಲಿ ನಮ್ಮ ಜನಕ್ಕೆ ಅಂಗಡಿ ಹಾಕಲು ಜಾಗ ಕೊಡಬಾರದು ಎಂದು ಒಂದು ಗುಂಪು ಸಭೆ ಮಾಡಿತ್ತು. ಮೈಕಿನ ಮುಂದೆ ಪಾಲಮ್ಮ. "ನಮ್ಮ ಸಂತೆ ನಮ್ಮೋರಿಗೆ ಇರ್ಲಿ, ಅವರು ಅವರ ಬೀದೀಲಿ ಮಾರ್ಕೊಳ್ಲಿ" ಅನ್ನುತ್ತಿದ್ದಳು. ಅದೇ ಗಂಟಲು. ಕತ್ತಿನಲ್ಲಿ ಅದೇ ಗುರುತಿನ ಚೀಟಿ.

ಅನ್ವರ್ ಫೋನು ಜೇಬಿಗಿಟ್ಟುಕೊಂಡು, "ನಮ್ಮನೆ ಬಿರಿಯಾನಿ ಎಷ್ಟು ಸಲ ತಿಂದವಳೆ" ಎಂದಷ್ಟೇ ಅಂದು ಹೋದ. ಮುಂದಿನ ವಾರ ಆ ಸಂತೆಯಲ್ಲಿ ಅವನ ಜಾಗದಲ್ಲಿ ಬೇರೆಯವರು ಕೂತಿದ್ದರು.

ನಾನು ವಾರ್ಡಿಗೆ ವಾಪಸ್ ಬಂದೆ. ಪಾಲಮ್ಮ ಒಂದು ಕೂಸಿಗೆ ಬಟ್ಟೆ ಸುತ್ತುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು.

"ನೋಡ್ದ್ಯಾ?" ಅಂದಳು.

"ಯಾಕೆ ಹೋದೆ?"

"ಸಾರಾಯಿ ಅಂಗಡಿ ಮುಚ್ಚಿಸ್ವಾಗ ನಮ್ ಹಿಂದೆ ನಿಂತೋರು ಈ ಸಭೆ ಮಾಡ್ದೋರೇ ನೂರಕ್ಕ. ಪೊಲೀಸರ ಹತ್ರ ಬಂದೋರು ಅವ್ರೇ. ಅವ್ರು ಕರೆದಾಗ ಹ್ಯಾಗೆ ಇಲ್ಲ ಅನ್ಲಿ?"

"ಹೋಗೋದು ಬೇರೆ. ಮಾತಾಡೋದು ಬೇರೆ."

ಅವಳು ಕೂಸನ್ನು ಎತ್ತಿಕೊಂಡು ಅದರ ತಾಯಿಯ ಹತ್ತಿರ ಹೋದಳು. ಆವತ್ತು ಔಷಧಿ ಕೋಣೆಯಲ್ಲಿ ನಾನೊಬ್ಬಳೇ ಉಂಡೆ.

ವಿಡಿಯೋ ಊರೆಲ್ಲ ಸುತ್ತಿತು. "ಆ ಆಸ್ಪತ್ರೆಯ ಸಿಸ್ಟರು" ಎಂದೇ ಸುತ್ತಿತು, ಪಾಲಮ್ಮ ಎಂದಲ್ಲ. ಮಾರ್ಕೆಟ್ ಕಡೆಯ ನಮ್ಮ ಜನ ಬಸುರಿಯರನ್ನು ಬೇರೆ ಕಡೆ ಕರೆದೊಯ್ಯತೊಡಗಿದರು. ಡಾಕ್ಟ್ರಮ್ಮ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ನೂರ್‌ಜಹಾನ್, ನೀನು ಹೇಳು. ಅವಳನ್ನ ತೆಗೀಲಾ? ನಿನಗಿಂತ ಹೆಚ್ಚು ನೋವಾದವರು ಈ ಆಸ್ಪತ್ರೆಯಲ್ಲಿ ಯಾರೂ ಇಲ್ಲ. ನೀನು ತೆಗೀರಿ ಅಂದ್ರೆ ಈಗಲೇ ತೆಗೀತೀನಿ."

ಅಷ್ಟು ದೊಡ್ಡ ಮಾತನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ತೆಗೀರಿ ಎನ್ನಲು ಬಾಯಿ ತೆರೆದೆ. ಆದರೆ ಬಂದ ಮಾತು ಬೇರೆ. "ಮೇಡಂ, ವಾರ್ಡಿನಲ್ಲಿ ಅವಳು ಯಾರಿಗೂ ಭೇದ ಮಾಡಿದ್ದು ನಾನು ಕಂಡಿಲ್ಲ. ಕಂಡಿದ್ದೀನಿ ಅಂತ ಸುಳ್ಳು ಹೇಳಲಾರೆ."

"ಅವಳು ಆಡಿದ ಮಾತು ನನ್ನ ಆಸ್ಪತ್ರೆ ಮೇಲೆ ಬಿದ್ದಿದೆಯಲ್ಲ, ಅದಕ್ಕೇನು ಮಾಡ್ಲಿ?"

"ಬಿದ್ದಿದೆ ಮೇಡಂ," ಅಂದೆ. ನೋವಿನಲ್ಲಿ ಮಲಗಿದ ಹೆಂಗಸಿಗೆ ಆಸ್ಪತ್ರೆ ಅಂದರೆ ಬೋರ್ಡಲ್ಲ, ಮಾಲೀಕರಲ್ಲ. ಮೇಲೆ ಬಾಗಿದ ಒಂದು ಮುಖ, ಮುಟ್ಟುವ ಎರಡು ಕೈ. ಆ ಮುಖವನ್ನು ಅವಳು ಫೋನಿನಲ್ಲಿ ನೋಡಿ ಬಂದಿದ್ದರೆ ಹೆದರದೆ ಇರುತ್ತಾಳೆಯೆ?

ಪಾಲಮ್ಮ ಉಳಿದಳು. ಎರಡು ವಾರದ ಮೇಲೆ ನಮ್ಮ ಬೀದಿಯ ರೇಷ್ಮಾ ಎಂಬ ಹುಡುಗಿ ಚೊಚ್ಚಲು ಹೆರಿಗೆಗೆ ಬಂದಳು. ಅವಳ ಅಮ್ಮ ನನ್ನ ಕೈ ಹಿಡಿದುಕೊಂಡು ಅತ್ತರು. "ನೂರ್ ಆಪಾ, ನೀವಿದ್ದೀರಿ ಅಂತ ಇಲ್ಲಿಗೆ ಬಂದ್ವಿ. ಆ ಸಿಸ್ಟರ್ ನನ್ನ ಮಗಳನ್ನ ಮುಟ್ಟೋದು ಬೇಡ. ಖುದಾ ಕೆ ವಾಸ್ತೆ, ದೇವರಿಗೋಸ್ಕರ."

ನಾನು ಕೆಂಪು ಪೆನ್ನು ತೆಗೆದು ಡ್ಯೂಟಿ ಪಟ್ಟಿಯಲ್ಲಿ ಹೆರಿಗೆ ಕೋಣೆಯ ಮುಂದಿದ್ದ ಪಾಲಮ್ಮನ ಹೆಸರನ್ನು ಹೊಡೆದು ಹಾಕಿದೆ. ಅಲ್ಲಿ ಹೊಸ ಹುಡುಗಿ ಕವಿತಾಳ ಹೆಸರು ಬರೆದೆ.

ಬೆಳಿಗ್ಗೆ ಬಂದ ಪಾಲಮ್ಮ ಪಟ್ಟಿ ನೋಡಿ ನನ್ನ ಮೇಜಿನ ಹತ್ತಿರ ಬಂದಳು. "ನನ್ನ ಕೈ ಏನ್ ಮಾಡ್ತು ನೂರಕ್ಕ?"

"ಕೈ ಏನೂ ಮಾಡಿಲ್ಲ. ಬಾಯಿ ಮಾಡ್ತು."

ಅವಳು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತು ಗಾಜ್ ಮಡಚತೊಡಗಿದಳು.

ಹನ್ನೊಂದು ಗಂಟೆಯ ಹೊತ್ತಿಗೆ ರೇಷ್ಮಾಳ ಹೆರಿಗೆ. ಮಗುವಿನ ತಲೆ ಹೊರಗೆ ಬಂತು, ಭುಜ ಸಿಕ್ಕಿಕೊಂಡಿತು. ಇದು ನಮ್ಮ ಕೆಲಸದಲ್ಲಿ ಉಸಿರು ನಿಲ್ಲುವ ಗಳಿಗೆ. ತಾಯಿಯ ಮೊಣಕಾಲು ಎದೆಗೆ ಒತ್ತಿ ಹಿಡಿದು, ಇನ್ನೊಬ್ಬರು ಕಿಬ್ಬೊಟ್ಟೆಯಲ್ಲಿ ಸರಿಯಾದ ಜಾಗ ನೋಡಿ ಅಂಗೈಯಿಂದ ಒತ್ತಬೇಕು. ನಾನು ಕಾಲು ಹಿಡಿದಿದ್ದೆ. ಕವಿತಾ ಗಾಬರಿಯಲ್ಲಿ ಹೊಟ್ಟೆಯ ಮೇಲ್ಭಾಗ ಒತ್ತಿದಳು. ಅಲ್ಲಿ ಒತ್ತಿದರೆ ಭುಜ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಡಾಕ್ಟ್ರಮ್ಮ ಕಿರುಚಿದರು. "ಅಲ್ಲಲ್ಲ, ಕೆಳಗೆ! ಪಾಲಮ್ಮ ಎಲ್ಲಿ?"

ಬಾಗಿಲಿನಾಚೆ ಇದ್ದಳು. ನಾನು ಒಂದು ಸಲ ಕೂಗಿದ್ದರೆ ಸಾಕಿತ್ತು. ರೇಷ್ಮಾಳ ಅಮ್ಮನ ಮುಖ ಕಣ್ಣ ಮುಂದೆ ಬಂತು, ಅನ್ವರನ ಮುಖ ಬಂತು. "ಅವಳಿಗೆ ಡ್ಯೂಟಿ ಇಲ್ಲ ಮೇಡಂ" ಅಂದೆ.

ಮಗು ಬದುಕಿತು. ಎಳೆಯುವಾಗ ಅದರ ಕುತ್ತಿಗೆಯ ಕೆಳಗಿನ ಎಳೆಮೂಳೆ ಸೀಳಿತ್ತು. ಕೆಲವು ವಾರದಲ್ಲಿ ತಾನೇ ಕೂಡಿಕೊಂಡಿತು, ಈಗ ಆ ಹುಡುಗ ನಮ್ಮ ಬೀದಿಯಲ್ಲೇ ಚೆಂಡಾಡುತ್ತಾನೆ. ಆದರೆ ಆ ವಾರಗಳಲ್ಲಿ ಎತ್ತಿಕೊಂಡಾಗಲೆಲ್ಲ ಅದು ಅಳುತ್ತಿತ್ತು. ಅವನಮ್ಮ ಇಂದಿಗೂ ಈದ್ ಹಬ್ಬಕ್ಕೆ ಶೀರ್ ಖುರ್ಮಾ ಪಾಯಸ ತಂದುಕೊಡುತ್ತಾಳೆ. ನಾನು ಅದನ್ನು ತಿನ್ನದೆ ಪಕ್ಕದ ಮನೆಯ ಮಕ್ಕಳಿಗೆ ಹಂಚಿಬಿಡುತ್ತೇನೆ.

ಹುಡುಗಿಯರೇ, ಇಲ್ಲಿಗೆ ಮುಗಿಯಲಿಲ್ಲ. ಒಮ್ಮೆ ಹಾಕಿದ ಗೆರೆ ವಾರ್ಡಿನ ರೂಢಿಯಾಗುತ್ತದೆ.

ಸ್ವಲ್ಪ ದಿನಕ್ಕೆ ಪರಶುರಾಂಪುರದ ಕಡೆಯಿಂದ ಒಂದು ಕುಟುಂಬ ಬಂತು. ಬಸುರಿಯ ಅತ್ತೆ ನನ್ನ ಎದೆಯ ಮೇಲಿನ ಹೆಸರಿನ ಚೀಟಿ ಓದಿಸಿಕೊಂಡು, "ಈ ಸಾಬರಮ್ಮ ಬ್ಯಾಡ್ರಿ, ಬ್ಯಾರೆ ಯಾರನ್ನಾದ್ರೂ ಹಾಕ್ರಿ" ಅಂದಳು. ಕವಿತಾ ಏನೂ ವಿಶೇಷವಿಲ್ಲ ಎಂಬಂತೆ ಡ್ಯೂಟಿ ಪಟ್ಟಿ ಮತ್ತು ಕೆಂಪು ಪೆನ್ನು ತಂದು ನನ್ನ ಮುಂದಿಟ್ಟಳು. "ಸಿಸ್ಟರ್, ಯಾರ ಹೆಸರು ಬರೀಲಿ?"

ಪಾಲಮ್ಮ ಆಡಿದ ಮಾತಿಗಾಗಿ ಅವಳ ಹೆಸರು ಹೋಗಿತ್ತು, ನಾನು ಹುಟ್ಟಿದ ಮನೆಗಾಗಿ ನನ್ನ ಹೆಸರು ಹೋಗಬೇಕಿತ್ತು. ಎರಡೂ ಒಂದೇ ಅಲ್ಲ. ಆದರೆ ಕವಿತಾಳಿಗೆ ಈ ರೂಢಿ ಕಲಿಸಿದವಳು ನಾನೇ. ಪೆನ್ನು ನೋಡುತ್ತ ಕೂತೆ.

ಹಿಂದಿನಿಂದ ಪಾಲಮ್ಮನ ಗಂಟಲು ಬಂತು. "ಏನಮ್ಮ, ಈಯಮ್ಮ ಬ್ಯಾಡಂದ್ರೆ ನಿನ್ ಸೊಸೇನ ಎತ್ಕೊಂಡು ನಡಿ. ಈಯಮ್ಮ ಹೇಳ್ದಂಗೆ ನಾವು ಕೇಳೋರು ಇಲ್ಲಿ."

ಆ ಅತ್ತೆ ಅವಳನ್ನು ದಿಟ್ಟಿಸಿ ನೋಡಿದಳು. ಮುಖ ಅರಳಿತು. "ನೀನು ಸಂತೇಲಿ ಮಾತಾಡ್ದಾಕಿ ಅಲ್ವೇನವ್ವ? ನಿನ್ನ ನೋಡೇ ಈ ಆಸ್ಪತ್ರೆಗೆ ಬಂದ್ವಿ. ನೀನೇ ಹೇಳಿದ್ದಲ್ಲ, ಅವರು ಬ್ಯಾಡ ಅಂತ?"

ಪಾಲಮ್ಮನ ಕೈ ಕತ್ತಿನಲ್ಲಿದ್ದ ಗುರುತಿನ ಚೀಟಿಗೆ ಹೋಯಿತು. "ಅದು ಸಂತೆ ಮಾತು. ಇದು ವಾರ್ಡು" ಅಂದಳು. ಗಂಟಲಿನಲ್ಲಿ ಕಸುವಿರಲಿಲ್ಲ. ಆ ಅತ್ತೆ ನಂಬಲಿಲ್ಲ. ಪಾಲಮ್ಮನೂ ನಂಬಿದಂತೆ ಕಾಣಲಿಲ್ಲ.

ಆ ಸೊಸೆಯ ಹೆರಿಗೆ ಇಬ್ಬರೂ ಸೇರಿಯೇ ಮಾಡಿಸಿದೆವು. ಹೆಣ್ಣು ಕೂಸು. ಹೆರಿಗೆ ಮುಗಿಯುವವರೆಗೆ ನಾನೂ ಅವಳೂ ಆಡಿದ್ದು "ಕತ್ತರಿ ಕೊಡು, ದಾರ ಕೊಡು" ಇಷ್ಟೇ. ಅಷ್ಟೇ ಆದರೂ ನನಗೆ ಆವತ್ತು ಹೊಟ್ಟೆ ತುಂಬಿದಂತಾಗಿತ್ತು.

ಆ ತಿಂಗಳ ಕೊನೆಯಲ್ಲಿ ಡಾಕ್ಟ್ರಮ್ಮ ಒಂದು ಕಾಗದ ಮಾಡಿಸಿದರು. ಕೆಲಸದವರು ಯಾವ ಸಭೆ, ಮೆರವಣಿಗೆಗೂ ಹೋಗಬಾರದು ಎಂದು ಎಲ್ಲರೂ ಸಹಿ ಹಾಕಬೇಕು. ನಾನು ಹಾಕಿದೆ. ಪಾಲಮ್ಮ ಕಾಗದ ಓದಿ, ಹಾಲಿನಲ್ಲಿ ತೂಗುಬಿದ್ದಿದ್ದ ತನ್ನ ಫೋಟೋ ತೋರಿಸಿದಳು. "ಮೇಡಂ, ಅವತ್ತೂ ಹೋಗ್ಬಾರ್ದು ಅಂದಿದ್ರೆ ಇವತ್ತು ಸಹಿ ಹಾಕ್ತಿದ್ದೆ."

ಡಾಕ್ಟ್ರಮ್ಮ ಸಿಡುಕಲಿಲ್ಲ. ಎದ್ದು ಹೋಗಿ, ಕುರ್ಚಿ ಹಾಕಿಕೊಂಡು ಹತ್ತಿ, ಆ ಫೋಟೋವನ್ನು ತಾವೇ ಇಳಿಸಿದರು. ಸೆರಗಿನಿಂದ ಧೂಳು ಒರೆಸಿ ಪಾಲಮ್ಮನ ಕೈಗೆ ಕೊಟ್ಟರು. ಪಾಲಮ್ಮ ಕೆಲಸ ಬಿಟ್ಟು, ಅದನ್ನು ಬಗಲಿಗಿಟ್ಟುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ಅಲ್ಲಿ ಅವಳ ಗಂಡನ ಮನೆ. ನನಗೆ ಹೇಳಿ ಹೋಗಲಿಲ್ಲ. ನಾನೂ ಕಿಟಕಿಯಿಂದ ಈಚೆ ಬರಲಿಲ್ಲ.

ಆಮೇಲೆ ಎಷ್ಟೋ ಹೆರಿಗೆ ಮಾಡಿಸಿದೆ. ನೋವು ತಿನ್ನುವ ಹೆಂಗಸರ ಬೆನ್ನು ನೀವುವಾಗ ನನಗರಿವಿಲ್ಲದೆ "ಕಾನಿ ತಲ್ಲಿ" ಎಂದು ಬಾಯಿಗೆ ಬರುತ್ತಿತ್ತು. ಉರ್ದು ಮನೆಯ ನನಗೆ ಆ ತೆಲುಗು ಎಲ್ಲಿಂದ ಬಂತೆಂದು ಹೊಸಬರು ನಗುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗಲೆಲ್ಲ ಅವಳ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟಿನ ಹಿಂದೆಯೇ ಅವಳು ಬೇಕು ಅನ್ನಿಸುತ್ತಿತ್ತು. ಎರಡರಲ್ಲಿ ಒಂದಾದರೂ ಕಡಿಮೆಯಾದೀತು ಎಂದು ಕಾದೆ. ಆಗಲಿಲ್ಲ.

ಕಳೆದ ಚಳಿಗಾಲ ಅನ್ವರನ ಮಗಳ ಮದುವೆಗೆ ಸೀರೆ ತರಲು ಮೊಳಕಾಲ್ಮೂರಿಗೆ ಹೋದೆ. ಅನ್ವರ್ ಈಗ ಚಳ್ಳಕೆರೆಯಲ್ಲೇ ಪುಟ್ಟ ಅಂಗಡಿ ಹಿಡಿದಿದ್ದಾನೆ, ಯಾವ ಸಂತೆಗೂ ಹೋಗುವುದಿಲ್ಲ. ಸೀರೆ ಕೊಂಡಾದ ಮೇಲೆ ನೇಕಾರರ ಬೀದಿಯಲ್ಲಿ ಕೇಳಿಕೊಂಡು ಪಾಲಮ್ಮನ ಮನೆಗೆ ನಡೆದೆ. ಯಾಕೆ ಹೋದೆನೋ ತಿಳಿಯದು. ಜಗಳ ಆಡಬೇಕಿತ್ತು ಅಂತ ಕಾಣುತ್ತದೆ.

ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಮಂಡಿ ಹಿಡಿದುಕೊಂಡು ಎದ್ದಳು. "ಬಂದ್ಯಾ ನೂರಕ್ಕ" ಅಂದಳು, ನಿನ್ನೆ ಹೋದವಳು ಇವತ್ತು ಬಂದಂತೆ.

ಕೂತೆ. ಅವರೆಕಾಯಿಗೆ ಕೈ ಹಾಕಿದೆ. ಸ್ವಲ್ಪ ಹೊತ್ತು ಇಬ್ಬರೂ ಬಿಡಿಸಿದೆವು. ಆಮೇಲೆ ಕೇಳಿಯೇಬಿಟ್ಟೆ.

"ಆ ಸಂತೇಲಿ ಅನ್ವರ್ ಕೂರ್ತಾನೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ?"

"ಮೈಕ್ ಮುಂದೆ ನಿಂತಾಗ ಅವ್ನ ಮುಖ ನೆನಪಾಗ್ಲಿಲ್ಲ. ಜನ ಚಪ್ಪಾಳೆ ಹೊಡೀತಿದ್ರು. ಕೆಳಗೆ ಇಳಿದ್ಮೇಲೆ ನೆನಪಾತು." ಅವಳು ಸಿಪ್ಪೆಯನ್ನು ಗುಡ್ಡೆ ಮಾಡಿದಳು. "ಬಂದು ನಿಂಗೆ ಹೇಳಾಕೆ ಮುಖ ಇರ್ಲಿಲ್ಲ. ಹೇಳ್ದೆ ಇದ್ದಿದ್ದಕ್ಕೆ ಇನ್ನೂ ಗಟ್ಟಿಯಾಗಿ ಮಾತಾಡ್ತಾ ಹೋದೆ."

ತಪ್ಪಾಯಿತು ಎಂದು ಅವಳು ಹೇಳಲಿಲ್ಲ. ಪರವಾಗಿಲ್ಲ ಎಂದು ನಾನೂ ಹೇಳಲಿಲ್ಲ. ನನ್ನ ಕಡೆಯದೂ ಒಂದು ಬಾಕಿ ಇತ್ತು.

"ರೇಷ್ಮಾಳ ಹೆರಿಗೆ ದಿನ ನಿನ್ನ ಕರೀಬೇಕಾಗಿತ್ತು ಪಾಲಿ. ಆ ಕೂಸಿನ ಮೂಳೆ ನನ್ನಿಂದ ಮುರೀತು."

ಅವಳು ಕೈಯಲ್ಲಿದ್ದ ಕಾಯಿ ಬಿಟ್ಟು ನನ್ನ ಕಡೆ ತಿರುಗಿದಳು.

"ಡಾಕ್ಟ್ರಮ್ಮ ಕಿರುಚಿದ್ದು ಕೇಳಿಸ್ತು. ಭುಜ ಸಿಕ್ಕೈತೆ ಅಂತ ಗೊತ್ತಾತು. ನೀನು ಕರೀತೀಯ ಅಂತ ಬಾಗ್ಲು ಹತ್ರಾನೇ ನಿಂತಿದ್ದೆ ನೂರಕ್ಕ. ಗ್ಲೌಸ್ ಹಾಕ್ಕೊಂಡೇ ನಿಂತಿದ್ದೆ."